ಯಕ್ಷಗಾನದ ವಿಡಿಯೊ ನೋಡಲು ಕೋಡಿ ಮತ್ತು ಲಿಬ್ರೆಇಲೆಕ್: ನಮ್ಮ ಮನೆಯ ಬಳಕೆಯಿಂದ ಒಂದು ವಿಮರ್ಶೆ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಮನೆಯಲ್ಲಿ ಯಕ್ಷಗಾನವು ಟಿವಿಯಲ್ಲಿ ಮುಂದುವರಿಯುತ್ತದೆ. ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಇರುವ ಈ ಮನೆಗೆ ಆಟಿ ತಿಂಗಳಿನಲ್ಲಿ ನನ್ನ ಸೋದರಮಾವ ಬಂದು ಕೆಲವು ವಾರ ಉಳಿಯುತ್ತಾರೆ. ಪ್ರಾಯದಲ್ಲಿ ಮದ್ದಳೆ ನುಡಿಸುತ್ತಿದ್ದ ಅವರಿಗೆ ಈಗ ಬೆರಳು ಓಡದಿದ್ದರೂ ಕಿವಿ ಮತ್ತು ಕಣ್ಣು ಮೊದಲಿನಷ್ಟೇ ಚುರುಕಾಗಿವೆ. ಕ್ಯಾಸೆಟ್ಟಿನಿಂದ ಡಿವಿಡಿಗೆ ಇಳಿಸಿದ 1990ರ ದಶಕದ ಬಯಲಾಟಗಳು, ಆಮೇಲೆ ಎಚ್‌ಡಿ ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿದ ಹರಕೆಯಾಟಗಳು, ಈಚೆಗೆ ಬಂಧುವೊಬ್ಬರು 4ಕೆಯಲ್ಲಿ ಮಾಡಿಸಿದ ಇಡೀ ರಾತ್ರಿಯ ಆಟ, ಇವೆಲ್ಲವೂ ನಮ್ಮಲ್ಲಿ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಅವನ್ನು ದೊಡ್ಡ ಟಿವಿಯಲ್ಲಿ ನೋಡಲೆಂದು, ಕಚೇರಿಯೊಂದರಲ್ಲಿ ಬಳಸಿ ಬಿಟ್ಟಿದ್ದ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಜೋಡಿಸಿದ್ದೆ. ಅದರಲ್ಲಿದ್ದುದು ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ3-4130 ಪ್ರೊಸೆಸರ್, ವಿಂಡೋಸ್ 10, ಮತ್ತು ಎಲ್ಲರ ಬಳಿ ಇರುವಂಥ ಒಂದು ವಿಡಿಯೊ ಪ್ಲೇಯರ್.

ಮೊದಲ ದಿನವೇ ಮಾವ ದೂರು ಹೇಳಿದರು. ಪುಂಡುವೇಷದ ಧೀಂಗಿಣ ಬರುವಾಗ ಚಿತ್ರ ತಡೆತಡೆದು ಓಡುತ್ತಿತ್ತು. ವೇಷಧಾರಿ ಸುತ್ತುವಾಗ ಒಂದೊಂದು ಸುತ್ತಿನಲ್ಲೂ ಎಲ್ಲೋ ಯಾರೋ ಹಿಡಿದೆಳೆದು ಬಿಟ್ಟಂತೆ ಕಾಣುತ್ತಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. "ಹೆಜ್ಜೆ ತಪ್ಪುವುದು ಅವನದ್ದಲ್ಲ ಮಾರಾಯ, ನಿನ್ನ ಟಿವಿಯದ್ದು" ಎಂದು ಅವರು ಹೇಳಿದ ಮೇಲೆ ಮತ್ತೆ ನೋಡಿದೆ, ಆಮೇಲೆ ಅದನ್ನು ಕಾಣದಿರುವುದು ನನಗೂ ಸಾಧ್ಯವಾಗಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ರ‍್ಯಾಮ್ ಸಾಲದು ಎಂದರು. 4 ಜಿಬಿಯನ್ನು 8 ಮಾಡಿಸಿದೆ, ಏನೂ ಬದಲಾಗಲಿಲ್ಲ. ಇನ್ನೊಬ್ಬರು ಇಂಟರ್‌ನೆಟ್ ವೇಗ ಹೆಚ್ಚಿಸಿಕೊಳ್ಳಿ ಎಂದರು, ವಿಡಿಯೊ ಇದ್ದುದು ಮನೆಯ ಡಿಸ್ಕಿನಲ್ಲೇ ಆಗಿದ್ದರೂ. ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗ ನಾನು ಒಮ್ಮೆ ನಿಂತು ಯೋಚಿಸಿದೆ, ಮತ್ತು ವಿಡಿಯೊ ಓಡಿಸುವ ಕೋಡಿ ಎಂಬ ಉಚಿತ ತಂತ್ರಾಂಶವನ್ನು ಪ್ರಯತ್ನಿಸಿದೆ. ಈ ವಿಮರ್ಶೆ ಅದರ ಬಗ್ಗೆ, ವಿಶೇಷವಾಗಿ ತಡೆತಡೆದು ಓಡುವ ವಿಡಿಯೊವನ್ನು ಸರಿಪಡಿಸಲು ಅದು ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದರ ಬಗ್ಗೆ.

ಕೋಡಿ ಹೊಸತಲ್ಲ. 2002ರಲ್ಲಿ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಹವ್ಯಾಸಿಗಳು ಬರೆದ ಪ್ಲೇಯರ್ ಬೆಳೆದು ಎಕ್ಸ್‌ಬಿಎಂಸಿ ಆಯಿತು, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. ಲಿಬ್ರೆಇಲೆಕ್ ಎಂಬುದು ಕೋಡಿಯನ್ನು ನಡೆಸುವುದಕ್ಕಷ್ಟೇ ಬೇಕಾದಷ್ಟನ್ನು ಇಟ್ಟುಕೊಂಡ ಪುಟ್ಟ ಲಿನಕ್ಸ್ ವ್ಯವಸ್ಥೆ; 2016ರಲ್ಲಿ ಓಪನ್‌ಇಲೆಕ್ ಎಂಬ ಹಿಂದಿನ ಯೋಜನೆಯಿಂದ ಕವಲೊಡೆದು ಬಂತು. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ನಾನು ಬಳಸುತ್ತಿರುವುದು ಲಿಬ್ರೆಇಲೆಕ್ 12, ಅದರೊಳಗೆ ಕೋಡಿ 21. ಕಂಪ್ಯೂಟರ್ ಹೊತ್ತಿಸಿದರೆ ನೇರವಾಗಿ ಕೋಡಿಯ ಪರದೆ ಬರುತ್ತದೆ. ಆಟದ ನಡುವೆ ಅಪ್‌ಡೇಟ್ ಶುರುವಾಗುವುದು, ಆಂಟಿವೈರಸ್ ಎಚ್ಚತ್ತು ಡಿಸ್ಕನ್ನು ಜಾಲಾಡುವುದು, ಇವೆಲ್ಲ ಒಮ್ಮೆಲೇ ನಿಂತವು. ಮಧ್ಯರಾತ್ರಿಯ ಕೆಲವು ತಡೆಗಳು ಅಷ್ಟಕ್ಕೇ ಹೋದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರುಗಳಿಗೆ ಇದು ಒಳ್ಳೆಯ ಮರುಬಳಕೆಯೂ ಹೌದು. ಸ್ಥಾಪನೆ ಕಷ್ಟವಿಲ್ಲ: ಬೇರೆ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಬರೆದುಕೊಂಡು, ಅದರಿಂದ ಬೂಟ್ ಮಾಡಿ, ಡಿಸ್ಕಿಗೆ ಹಾಕುವುದು. ಆದರೆ ಅದು ಆ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸುತ್ತದೆ. ನಾನು ವಿಡಿಯೊಗಳ ಡಿಸ್ಕನ್ನು ಮೊದಲೇ ಕಳಚಿಟ್ಟಿದ್ದೆ, ನೀವೂ ಹಾಗೆಯೇ ಮಾಡಿರಿ.

ಇಷ್ಟೆಲ್ಲ ಆದರೂ ಧೀಂಗಿಣದ ಜರ್ಕ್ ಹೋಗಿರಲಿಲ್ಲ. ಅದನ್ನು ಬಿಡಿಸಿದ್ದು ಮಾವನ ಒಂದು ಮಾತು. ಅವರು ಸೋಫಾದ ಕೈ ಮೇಲೆ ಬೆರಳು ಬಡಿಯುತ್ತ, ಈ ತಪ್ಪು ಒಂದೇ ಲೆಕ್ಕದಲ್ಲಿ ಬರುತ್ತಿದೆ, ಗಮನಿಸು ಎಂದರು. ನಿಜವಾಗಿಯೂ ಅದು ಗಡಿಯಾರದಷ್ಟು ಸಮನಾಗಿ ಬರುತ್ತಿತ್ತು. ಕಂಪ್ಯೂಟರಿಗೆ ಕೆಲಸದ ಭಾರ ಹೆಚ್ಚಾಗಿ ಚಿತ್ರ ತಡೆದರೆ ಅದು ಎಲ್ಲೆಂದರಲ್ಲಿ, ಹೇಗೆಂದರೆ ಹಾಗೆ ತಡೆಯುತ್ತದೆ. ಒಂದೇ ಲೆಕ್ಕದಲ್ಲಿ ಬರುವ ತಪ್ಪಿಗೆ ಕಾರಣವೂ ಲೆಕ್ಕದಲ್ಲೇ ಇರಬೇಕು.

ಭಾರತದಲ್ಲಿ ಕರೆಂಟು 50 ಹರ್ಟ್ಸ್. ಅದಕ್ಕೆ ಹೊಂದುವಂತೆ ನಮ್ಮ ದೂರದರ್ಶನದ ಕ್ರಮವೂ ಸೆಕೆಂಡಿಗೆ 25 ಫ್ರೇಮ್ (ಅಂದರೆ ಬಿಡಿ ಚಿತ್ರ), ಮತ್ತು ಇಲ್ಲಿ ಮಾರಾಟವಾಗುತ್ತಿದ್ದ ಕ್ಯಾಮ್‌ಕಾರ್ಡರುಗಳೂ ಅದನ್ನೇ ಅನುಸರಿಸಿದವು. ಟ್ಯೂಬ್‌ಲೈಟಿನ ಬೆಳಕಿನಲ್ಲಿ 30 ಫ್ರೇಮಿನಲ್ಲಿ ಚಿತ್ರೀಕರಿಸಿದರೆ ಬೆಳಕು ಮಿಣಮಿಣ ಎನ್ನುವ ತೊಂದರೆ ಇರುವುದರಿಂದ, ರಂಗಸ್ಥಳದ ಚಿತ್ರೀಕರಣ ಮಾಡುವ ಅನುಭವಿಗಳು ಈಗಲೂ 25 ಅಥವಾ 50ನ್ನೇ ಆರಿಸುತ್ತಾರೆ. ಕಂಪ್ಯೂಟರ್ ಮಾತ್ರ ಟಿವಿಗೆ ತಾನಾಗಿ ಚಿತ್ರ ಕಳುಹಿಸುವುದು ಸೆಕೆಂಡಿಗೆ 60 ಸಲ. 60ನ್ನು 25ರಿಂದ ಭಾಗಿಸಿದರೆ 2.4 ಬರುತ್ತದೆ, ಆದರೆ ಒಂದು ಫ್ರೇಮನ್ನು ಎರಡೂ ಚಿಲ್ಲರೆ ಸಲ ತೋರಿಸಲು ಸಾಧ್ಯವಿಲ್ಲ. ಆದ್ದರಿಂದ ಐದು ಫ್ರೇಮುಗಳಲ್ಲಿ ಮೂರನ್ನು ಎರಡೆರಡು ಸಲ, ಉಳಿದ ಎರಡನ್ನು ಮೂರು ಮೂರು ಸಲ ತೋರಿಸಿ ಹನ್ನೆರಡರ ಲೆಕ್ಕ ಮುಗಿಸಲಾಗುತ್ತದೆ. ಪ್ರತಿ ಫ್ರೇಮೂ 40 ಮಿಲಿಸೆಕೆಂಡ್ ನಿಲ್ಲಬೇಕಾದಲ್ಲಿ ಒಂದು 33 ನಿಲ್ಲುತ್ತದೆ, ಇನ್ನೊಂದು 50. ಭಾಗವತರು ಕುಳಿತಲ್ಲೇ ಹಾಡುವಾಗ ಇದು ತಿಳಿಯುವುದಿಲ್ಲ. ವೇಷ ರಂಗಸ್ಥಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿಕೊಂಡು ಹೋಗುವಾಗ ಎದ್ದು ಕಾಣುತ್ತದೆ. ಸಿನಿಮಾಗಳಲ್ಲಿಯೂ ಇದೇ ತೊಂದರೆ ಇದೆ. ಅವು ಸೆಕೆಂಡಿಗೆ 24 ಫ್ರೇಮಿನವು, 60ರಲ್ಲಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಎಂಬ ಕ್ರಮದಲ್ಲಿ ಕುಂಟುತ್ತವೆ. ಎಷ್ಟೇ ಬೆಲೆಯ ಕಂಪ್ಯೂಟರ್ ತಂದರೂ 60ರಲ್ಲೇ ಓಡಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಕೋಡಿಯ ಸೆಟ್ಟಿಂಗ್ಸಿನಲ್ಲಿ ಪ್ಲೇಯರ್, ಅದರೊಳಗೆ ವಿಡಿಯೋಸ್ ಎಂಬಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಎಂಬ ಆಯ್ಕೆ ಇದೆ. ಅದನ್ನು 'ಆನ್ ಸ್ಟಾರ್ಟ್/ಸ್ಟಾಪ್' ಮಾಡಿದರೆ, ವಿಡಿಯೊ ಶುರುವಾಗುವಾಗ ಕೋಡಿ ಅದರ ಫ್ರೇಮ್ ವೇಗವನ್ನು ನೋಡಿ ಟಿವಿಯನ್ನು 50ಕ್ಕೋ 24ಕ್ಕೋ ಬದಲಿಸುತ್ತದೆ, ಮುಗಿದಾಗ ಮೊದಲಿನ ಸ್ಥಿತಿಗೆ ತರುತ್ತದೆ. 50 ಹರ್ಟ್ಸಿನಲ್ಲಿ 25ರ ಪ್ರತಿ ಫ್ರೇಮೂ ಸರಿಯಾಗಿ ಎರಡು ಸಲ ತೋರುತ್ತದೆ. ಆ ಸಂಜೆ ಅದೇ ಧೀಂಗಿಣವನ್ನು ಮತ್ತೆ ಹಾಕಿದೆ. ಮಾವ ಏನೂ ಹೇಳದೆ ನೋಡಿದರು, ಮುಗಿದ ಮೇಲೆ ಇನ್ನೊಮ್ಮೆ ಹಾಕಲು ಹೇಳಿದರು. ಒಂದು ಪೈಸೆ ಖರ್ಚಿಲ್ಲದೆ, ಒಂದು ಆಯ್ಕೆ ಬದಲಿಸಿದ್ದರಿಂದ ಸಿಕ್ಕಿದ ಈ ಫಲಕ್ಕಾಗಿಯೇ ನಾನು ಕೋಡಿಯನ್ನು ಇಷ್ಟು ಒತ್ತಿ ಶಿಫಾರಸು ಮಾಡುತ್ತಿದ್ದೇನೆ.

ಇದರ ಜೊತೆಗೆ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ವೇಗ ಬದಲಾಗುವಾಗ ಟಿವಿ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ, ಆ ಹೊತ್ತಿನಲ್ಲಿ ವಿಡಿಯೊದ ಆರಂಭ ತಪ್ಪಿಹೋಗುತ್ತದೆ; ಅದಕ್ಕಾಗಿ ಅದೇ ಪುಟದಲ್ಲಿ ಬದಲಾವಣೆಯ ನಂತರ ಎಷ್ಟು ಕಾಯಬೇಕೆಂದು ನಿಗದಿಪಡಿಸಬಹುದು. ನಮ್ಮ ಟಿವಿಗೆ ಎರಡೂವರೆ ಸೆಕೆಂಡ್ ಸಾಕಾಯಿತು. ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುತ್ತೇವೆಂದು ನಡುವೆ ಕೃತಕ ಫ್ರೇಮುಗಳನ್ನು ಸೇರಿಸುವ ಸೌಲಭ್ಯ ಇರುತ್ತದೆ, ಅದನ್ನು ಟಿವಿಯ ಮೆನುವಿನಲ್ಲಿ ಮೊದಲೇ ಆಫ್ ಮಾಡಿಬಿಡಬೇಕು, ಇಲ್ಲವಾದರೆ ಯಾವ ತಪ್ಪು ಕಂಪ್ಯೂಟರಿನದ್ದು ಯಾವುದು ಟಿವಿಯದ್ದು ಎಂದು ತಿಳಿಯುವುದೇ ಇಲ್ಲ. ಮತ್ತೊಂದು, ನನ್ನ ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ 1.4 ಆವೃತ್ತಿಯದು, ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಕಳುಹಿಸಲಾರದು. ಟಿವಿ 4ಕೆ ಆಗಿದ್ದುದರಿಂದ ಕಂಪ್ಯೂಟರ್ ಕೆಲವೊಮ್ಮೆ ತಾನಾಗಿ 4ಕೆ 30 ಹರ್ಟ್ಸ್ ಆರಿಸಿಕೊಳ್ಳುತ್ತಿತ್ತು, ಇದರಿಂದ 50 ಫ್ರೇಮಿನ ವಿಡಿಯೊಗಳಲ್ಲಿ ಪ್ರತಿ ಐದರಲ್ಲಿ ಎರಡು ಫ್ರೇಮುಗಳು ಕಾಣೆಯಾಗುತ್ತಿದ್ದವು. ಪರದೆಯನ್ನು 1080ಕ್ಕೆ (ಪೂರ್ಣ ಎಚ್‌ಡಿ ಅಳತೆಗೆ) ಇಳಿಸಿದ ಕೂಡಲೇ ಅದು ಸರಿಯಾಯಿತು. ದೂರದಿಂದ ನೋಡುವಾಗ ಎಚ್‌ಡಿ ವಿಡಿಯೊಗೆ 1080 ಸಾಕು, ಇದರಲ್ಲಿ ನಷ್ಟವೇನೂ ಇಲ್ಲ.

ಸಿನಿಮಾ ನೋಡುವವರಿಗೆ ಒಂದು ಮಾತು: ಡಿಸ್ಕುಗಳಲ್ಲಿ ಬರುವ ಅನೇಕ ಸಿನಿಮಾಗಳು ಸರಿಯಾಗಿ 24 ಆಗಿರದೆ 23.976 ಫ್ರೇಮಿನವಾಗಿರುತ್ತವೆ. ಟಿವಿ 24ರಲ್ಲೇ ನಿಂತರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಪುನರಾವರ್ತನೆಯಾಗಿ ಚಿತ್ರ ಒಮ್ಮೆ ತುಸು ಮುಗ್ಗರಿಸುತ್ತದೆ. 23.976ನ್ನೇ ಒಪ್ಪುವ ಟಿವಿಯಾದರೆ, ಸಿಸ್ಟಮ್ ವಿಭಾಗದ ಡಿಸ್‌ಪ್ಲೇ ಪುಟದಲ್ಲಿರುವ ವೈಟ್‌ಲಿಸ್ಟಿನಲ್ಲಿ (ಕೋಡಿ ಬಳಸಬಹುದಾದ ವೇಗಗಳ ಪಟ್ಟಿಯಲ್ಲಿ) ಅದನ್ನೂ ಗುರುತು ಹಾಕಿಡಿ.

ಹಳೆಯ ಡಿವಿಡಿಗಳದ್ದು ಬೇರೆಯೇ ಕಥೆ. ಅವು 720 ಗುಣಿಸು 576 ಅಳತೆಯ ಎಂಪೆಗ್-2 ಚಿತ್ರಗಳು. ಪ್ರತಿ ಫ್ರೇಮಿನಲ್ಲಿಯೂ ಸೆಕೆಂಡಿನ ಐವತ್ತನೆಯ ಒಂದು ಭಾಗದ ಅಂತರದಲ್ಲಿ ಸೆರೆಹಿಡಿದ ಎರಡು ಅರ್ಧಚಿತ್ರಗಳು ಗೆರೆ ಬಿಟ್ಟು ಗೆರೆಯಾಗಿ ಹೆಣೆದುಕೊಂಡಿರುತ್ತವೆ. ಆ ಕಾಲದ ಎಚ್‌ಡಿ ಕ್ಯಾಮ್‌ಕಾರ್ಡರುಗಳ ಎಂಟಿಎಸ್ ಫೈಲುಗಳಲ್ಲೂ ಹೆಚ್ಚಿನವು ಹೀಗೆಯೇ ಇವೆ. ಇವನ್ನು ಬಿಡಿಸದೆ ತೋರಿಸಿದರೆ ಸುತ್ತುವ ವೇಷದ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ, ಎರಡನ್ನು ಸೇರಿಸಿ ಒಂದು ಮಾಡಿದರೆ ಚಲನೆಯ ಅರ್ಧ ಭಾಗ ಕಳೆದುಹೋಗುತ್ತದೆ. ವಿಡಿಯೊ ಓಡುತ್ತಿರುವಾಗ ಗಾಲಿಯ ಚಿಹ್ನೆ ಒತ್ತಿ ವಿಡಿಯೊ ಸೆಟ್ಟಿಂಗ್ಸಿಗೆ ಹೋದರೆ ಡಿಇಂಟರ್‌ಲೇಸ್ ವಿಧಾನಗಳು, ಅಂದರೆ ಈ ಹೆಣಿಗೆಯನ್ನು ಬಿಡಿಸುವ ವಿಧಾನಗಳು, ಕಾಣುತ್ತವೆ. ಇಂಟೆಲ್ ಯಂತ್ರದಲ್ಲಿ ವಿಎಎಪಿಐ ಎಂದು ಆರಂಭವಾಗುವ ವಿಧಾನಗಳು ಗ್ರಾಫಿಕ್ಸ್ ಚಿಪ್ಪಿನಲ್ಲೇ ನಡೆಯುತ್ತವೆ, ಪ್ರೊಸೆಸರಿಗೆ ಭಾರವಾಗುವುದಿಲ್ಲ. 'ಮೋಷನ್ ಅಡಾಪ್ಟಿವ್' ಆರಿಸಿದ ಮೇಲೆ ಸೆಕೆಂಡಿಗೆ 50 ಪೂರ್ಣ ಚಿತ್ರಗಳು ಬಂದವು. ಮೂವತ್ತು ವರ್ಷದ ಹಿಂದಿನ ಮಸುಕು ಚಿತ್ರವಾದರೂ ಕುಣಿತ ಮಾತ್ರ ಕಣ್ಣ ಮುಂದೆ ನಡೆದಂತೆ ಹರಿಯಿತು. 'ಹಾಫ್' ಎಂದು ಕೊನೆಗೊಳ್ಳುವ ವಿಧಾನವನ್ನು ಕುಣಿತದ ವಿಡಿಯೊಗೆ ಬಳಸಬೇಡಿ, ಅದು 25ನ್ನೇ ಕೊಡುತ್ತದೆ.

ಇನ್ನು ಲೆಕ್ಕವಿಲ್ಲದೆ ಬರುವ ತಡೆಗಳ ವಿಷಯ. ಇಲ್ಲಿ ಕೋಡಿಯ ಅತ್ಯಂತ ಉಪಯುಕ್ತ ಸೌಲಭ್ಯವೆಂದರೆ ಕೀಬೋರ್ಡಿನ ಓ ಕೀಲಿ. ಆಟ ನಡೆಯುತ್ತಿರುವಾಗ ಅದನ್ನು ಒತ್ತಿದರೆ ಚಿತ್ರದ ಮೇಲೆಯೇ ವಿಡಿಯೊದ ಅಳತೆ, ಫ್ರೇಮ್ ವೇಗ, ಪ್ರೊಸೆಸರಿನ ಬಳಕೆ ಮತ್ತು ಡಿಕೋಡರಿನ (ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ ಭಾಗದ) ಹೆಸರು ಬರುತ್ತವೆ. ಡಿಕೋಡರಿನ ಹೆಸರಿನ ಪಕ್ಕದಲ್ಲಿ ಎಚ್‌ಡಬ್ಲ್ಯೂ ಎಂದಿದ್ದರೆ ವಿಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪು ಮಾಡುತ್ತಿದೆ ಎಂದರ್ಥ. ಎಸ್‌ಡಬ್ಲ್ಯೂ ಎಂದಿದ್ದರೆ ಎಲ್ಲವೂ ಪ್ರೊಸೆಸರಿನ ತಲೆಯ ಮೇಲಿದೆ. ನಮ್ಮ ಬಂಧುಗಳ 4ಕೆ ಆಟವನ್ನು ಹಾಕಿದಾಗ ಎರಡು ನಿಮಿಷದಲ್ಲಿ ನಾಲ್ಕೈದು ಸಲ ಚಿತ್ರ ನಿಂತಿತು, ಧ್ವನಿ ಮಾತ್ರ ಮುಂದಕ್ಕೆ ಹೋಯಿತು. ಓ ಒತ್ತಿ ನೋಡಿದರೆ ಎಚ್‌ಇವಿಸಿ (ವಿಡಿಯೊವನ್ನು ಕುಗ್ಗಿಸಿಡುವ ಹೊಸ ಕ್ರಮ), 10 ಬಿಟ್ (ಬಣ್ಣದ ಸೂಕ್ಷ್ಮತೆಯ ಅಳತೆ), ಎಸ್‌ಡಬ್ಲ್ಯೂ, ಪ್ರೊಸೆಸರ್ ಬಳಕೆ ನೂರರ ಅಂಚಿನಲ್ಲಿ. ಅಂಗಡಿಗಳಲ್ಲಿ ಯಾರೂ ಹೇಳಲಾಗದಿದ್ದ ಕಾರಣವನ್ನು ಒಂದು ಕೀಲಿ ಹೇಳಿತು.

ವಿಡಿಯೊ ಕುಗ್ಗಿಸುವ ಹಳೆಯ ಎಚ್.264 ಕ್ರಮ ಬಂದದ್ದು 2003ರಲ್ಲಿ. ಹತ್ತು ವರ್ಷದ ಆಚೆಗಿನ ಕಂಪ್ಯೂಟರುಗಳೂ ಅದನ್ನು ಚಿಪ್ಪಿನಲ್ಲೇ ಬಿಡಿಸುತ್ತವೆ. ಎಚ್‌ಇವಿಸಿ ಬಂದದ್ದು 2013ರಲ್ಲಿ, ಅಂದರೆ ನನ್ನ ಐ3 ಮಾರುಕಟ್ಟೆಗೆ ಬಂದ ವರ್ಷ. ಅದಕ್ಕೆ ಬೇಕಾದ ಡಿಕೋಡರ್ ಆ ಚಿಪ್ಪಿನಲ್ಲಿ ಇರುವ ಸಾಧ್ಯತೆಯೇ ಇರಲಿಲ್ಲ. ಇಂಟೆಲ್‌ನಲ್ಲಿ ಆರನೆಯ ತಲೆಮಾರು 8 ಬಿಟ್ ಎಚ್‌ಇವಿಸಿಯನ್ನು, ಏಳನೆಯ ತಲೆಮಾರು 10 ಬಿಟ್ಟಿನದನ್ನು ಪೂರ್ಣವಾಗಿ ಚಿಪ್ಪಿನಲ್ಲಿ ಬಿಡಿಸುತ್ತವೆ. 2018ರಲ್ಲಿ ಬಂದ ಎವಿ1 ಕ್ರಮ ಬೇಕಿದ್ದರೆ ಹನ್ನೊಂದನೆಯ ತಲೆಮಾರಿನವರೆಗೆ ಕಾಯಬೇಕಾಯಿತು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವಾಗ ಐ3, ಐ5 ಎಂಬುದನ್ನಷ್ಟೇ ಕೇಳಿ ಬಿಡುವವರು ಬಹಳ. ವಿಡಿಯೊ ನೋಡುವುದಕ್ಕೆ ಅದಕ್ಕಿಂತ ಮುಖ್ಯವಾದದ್ದು ಅದರ ಮುಂದೆ ಬರೆದಿರುವ, ತಲೆಮಾರನ್ನು ತಿಳಿಸುವ ಸಂಖ್ಯೆ. ನಾಲ್ಕನೆಯ ತಲೆಮಾರಿನ ಐ7ಗಿಂತ ಏಳನೆಯ ತಲೆಮಾರಿನ ಸಣ್ಣ ಪ್ರೊಸೆಸರ್ ಈ ಕೆಲಸಕ್ಕೆ ಉತ್ತಮ.

ನನ್ನ ಮುಂದೆ ಎರಡು ದಾರಿಗಳಿದ್ದವು. ಆ ಒಂದು ಆಟವನ್ನು ಎಚ್.264ಗೆ ಪರಿವರ್ತಿಸಿಕೊಳ್ಳುವುದು ಒಂದು, ಯಂತ್ರ ಬದಲಿಸುವುದು ಇನ್ನೊಂದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ 1080ಕ್ಕೆ ಇಳಿಸಿ ಪರಿವರ್ತಿಸಿ ನೋಡಿದೆ. ಒಂದು ಪ್ರಸಂಗದ ಮೊದಲ ಭಾಗಕ್ಕೇ ಇಡೀ ರಾತ್ರಿ ಹಿಡಿಯಿತು, ಫಲಿತಾಂಶ ಚೆನ್ನಾಗಿಯೇ ಇತ್ತು. ಒಂದೆರಡು ಫೈಲುಗಳಿರುವವರು ಖಂಡಿತ ಇದನ್ನೇ ಮಾಡಬೇಕು. ನಮ್ಮಲ್ಲಿ ಮುಂದೆಯೂ 4ಕೆ ಆಟಗಳು ಬರುತ್ತಲೇ ಇರುತ್ತವೆ ಎಂದು ತಿಳಿದಿದ್ದರಿಂದ ನಾನು ಎನ್100 ಪ್ರೊಸೆಸರಿನ ಕೈಯಳತೆಯ ಮಿನಿ ಪಿಸಿ ಕೊಂಡೆ. 2023ರ ಆರಂಭದಲ್ಲಿ ಬಂದ ಈ ಪ್ರೊಸೆಸರಿಗೆ ನಾಲ್ಕು ಕೋರುಗಳಿವೆ. ಎಚ್‌ಇವಿಸಿ 10 ಬಿಟ್, ವಿಪಿ9, ಎವಿ1 ಮೂರನ್ನೂ ಚಿಪ್ಪಿನಲ್ಲೇ ಬಿಡಿಸುತ್ತದೆ. ಹಳೆಯ ಐ3 54 ವ್ಯಾಟಿನ ವರ್ಗದ್ದಾದರೆ ಇದು 6 ವ್ಯಾಟಿನದು. ಲಿಬ್ರೆಇಲೆಕ್ಕಿನಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯದಿಂದ ಹಳೆಯ ಯಂತ್ರದ ಎಲ್ಲ ಹೊಂದಿಕೆಗಳನ್ನು ಹೊಸದಕ್ಕೆ ತಂದುಕೊಂಡೆ, ಮಧ್ಯಾಹ್ನದ ಊಟಕ್ಕೆ ಕರೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅದೇ 4ಕೆ ಆಟ ಈಗ ಪ್ರೊಸೆಸರಿನ ಹತ್ತನೆಯ ಒಂದು ಪಾಲನ್ನೂ ಬಳಸದೆ ಓಡುತ್ತದೆ. ಹಳೆಯ ಯಂತ್ರ ತಮ್ಮನ ಮನೆಗೆ ಹೋಯಿತು; ಅವರಲ್ಲಿರುವುದೆಲ್ಲ ಎಚ್.264, ಅಲ್ಲಿ ಅದು ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದೆ.

ಆದರೆ ಹೊಸ ಯಂತ್ರವನ್ನು ಟಿವಿಯ ಹಿಂದೆ ಇಟ್ಟು, ಡಿಸ್ಕನ್ನು ಚಾವಡಿಯ ಪಕ್ಕದ ಕೋಣೆಯ ಕಂಪ್ಯೂಟರಿಗೆ ಜೋಡಿಸಿ, ವೈಫೈ ಮೂಲಕ ಓಡಿಸಲು ಹೋದಾಗ ತಡೆ ಮತ್ತೆ ಬಂತು. ಓ ಒತ್ತಿದರೆ ಎಚ್‌ಡಬ್ಲ್ಯೂ ಎಂದೇ ಇತ್ತು, ಪ್ರೊಸೆಸರ್ ಆರಾಮವಾಗಿತ್ತು, ಹಾಗಾಗಿ ದೋಷ ಇರುವುದು ವಿಡಿಯೊ ಬರುವ ವೈಫೈ ದಾರಿಯಲ್ಲಿ ಎಂದು ಗೊತ್ತಾಯಿತು. ನಮ್ಮದು ಮುರಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ. ಎರಡು ಗೋಡೆ ದಾಟಿದರೆ 5 ಗಿಗಾಹರ್ಟ್ಸಿನ ವೈಫೈ ಸಿಗುವುದೇ ಇಲ್ಲ, 2.4 ಗಿಗಾಹರ್ಟ್ಸಿನದು ಸಿಕ್ಕಿದರೂ ಸೆಕೆಂಡಿಗೆ 30 ಮೆಗಾಬಿಟ್ ದಾಟುತ್ತಿರಲಿಲ್ಲ. ಆ 4ಕೆ ವಿಡಿಯೊಗೆ ಬೇಕಾದದ್ದು ಸುಮಾರು 60, ಅಂದರೆ ಗಂಟೆಗೆ 27 ಜಿಬಿ. ಕೋಡಿ 21ರಲ್ಲಿ ಕ್ಯಾಶ್ (ವಿಡಿಯೊವನ್ನು ಮುಂಚಿತವಾಗಿ ತಂದು ತುಂಬಿಟ್ಟುಕೊಳ್ಳುವ ಜಾಗ) ಎಷ್ಟಿರಬೇಕೆಂಬುದನ್ನು ಸೆಟ್ಟಿಂಗ್ಸಿನಿಂದಲೇ ಬದಲಿಸಬಹುದು, ಮೊದಲು ಇದಕ್ಕೆ ಪ್ರತ್ಯೇಕ ಫೈಲ್ ಬರೆಯಬೇಕಿತ್ತು. ತಾನಾಗಿ ಇರುವುದು 20 ಎಂಬಿ. 60 ಮೆಗಾಬಿಟ್ಟಿನ ವಿಡಿಯೊಗೆ ಅದು ಮೂರು ಸೆಕೆಂಡಿಗೂ ಸಾಲದು. ಕ್ಯಾಶ್ ಹೆಚ್ಚಿಸಿದರೆ ಗಳಿಗೆಗೊಮ್ಮೆ ಬರುವ ಅಡೆತಡೆ ತಪ್ಪುತ್ತದೆ, ಆದರೆ ಬರುವುದೇ 30 ಆಗಿ ಹೋಗುವುದು 60 ಆದರೆ ಯಾವ ಟ್ಯಾಂಕಿಯೂ ಬರಿದಾಗಲೇಬೇಕು. ಕೊನೆಗೆ ಮಾಡಿನ ಪಕ್ಕಾಸಿನ ಗುಂಟ ಲ್ಯಾನ್ ಕೇಬಲ್ ಎಳೆಸಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಹಳೆಯ ರೌಟರುಗಳ ಲ್ಯಾನ್ ಪೋರ್ಟು ಎಷ್ಟೋ ಸಲ 100 ಮೆಗಾಬಿಟ್ಟಿನದಾಗಿರುತ್ತದೆ, ನಮ್ಮ ವಿಡಿಯೊಗಳಿಗೆ ಅದು ಸಾಕು, 4ಕೆ ಬ್ಲೂರೇ ಡಿಸ್ಕಿನ ಪೂರ್ಣ ಪ್ರತಿಗಳಿಗೆ ಸಾಲದು, ಅವು 100ನ್ನು ಮೀರಿ ಏರಬಲ್ಲವು. ಕೇಬಲ್ ಎಳೆಯಲು ಆಗದವರು ಡಿಸ್ಕನ್ನು ನೇರವಾಗಿ ಮಿನಿ ಪಿಸಿಯ ಯುಎಸ್‌ಬಿ 3 ಪೋರ್ಟಿಗೆ ಹಾಕಿಕೊಂಡರೆ ಸರಿ. ವೈರ್‌ಲೆಸ್ ಕೀಬೋರ್ಡಿನ ರಿಸೀವರನ್ನು ಆ ಡಿಸ್ಕಿನ ಪಕ್ಕದ ಪೋರ್ಟಿಗೆ ಹಾಕಬೇಡಿ, ಯುಎಸ್‌ಬಿ 3 ಸಾಧನಗಳು 2.4 ಗಿಗಾಹರ್ಟ್ಸಿನ ಸಂಕೇತಕ್ಕೆ ಅಡ್ಡಿಪಡಿಸುತ್ತವೆ.

ತಮ್ಮನ ಮನೆಗೆ ಹೋದ ಹಳೆಯ ಯಂತ್ರದಲ್ಲಿ ಒಂದು ತಿಂಗಳ ನಂತರ ಇನ್ನೊಂದು ಬಗೆಯ ತಡೆ ಕಾಣಿಸಿತು. ಮೊದಲ ಅರ್ಧ ಗಂಟೆ ಸರಿಯಾಗಿ ನಡೆದು ಆಮೇಲೆ ಮಾತ್ರ ಚಿತ್ರ ಎಳೆಯಲು ಶುರುವಾಗುತ್ತಿತ್ತು, ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ಸರಿ. ಹೀಗೆ ಸಮಯ ನೋಡಿಕೊಂಡು ಬರುವ ತಡೆಗೆ ಮೊದಲು ಶಂಕಿಸಬೇಕಾದದ್ದು ಬಿಸಿಯನ್ನು. ಕೋಡಿಯ ಸಿಸ್ಟಮ್ ಇನ್ಫರ್ಮೇಷನ್ ಪುಟದಲ್ಲಿ ಪ್ರೊಸೆಸರಿನ ಉಷ್ಣತೆ ಕಾಣುತ್ತದೆ. ಅದು ಮಿತಿ ಮೀರಿ ಏರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ತೆರೆದು ನೋಡಿದರೆ ಫ್ಯಾನಿನ ಅಡಿಯಲ್ಲಿ ಅಡಿಕೆ ಸುಲಿಯುವ ಹೊತ್ತಿನ ಸಿಪ್ಪೆಯ ಧೂಳು ಹೊದಿಕೆಯಂತೆ ಕೂತಿತ್ತು. ಬ್ರಷ್ಷಿನಿಂದ ತೆಗೆದು, ಒಣಗಿ ಹೋಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದ ಮೇಲೆ ತಡೆ ಮರುಕಳಿಸಲಿಲ್ಲ. ಅಂಗಳದಲ್ಲಿ ಅಡಿಕೆ ಹರಡುವ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಇದು ಆಗಲೇಬೇಕಾದ ಕೆಲಸ.

ಧ್ವನಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ಹೆಜ್ಜೆಗಿಂತ ಮೊದಲು ಕೇಳಿಸಿದರೆ ಚಿತ್ರ ತಡೆದಷ್ಟೇ ಹಿಂಸೆಯಾಗುತ್ತದೆ. ಕೋಡಿಯಲ್ಲಿ ಆಡಿಯೊ ಆಫ್‌ಸೆಟ್ ಎಂಬುದನ್ನು 25 ಮಿಲಿಸೆಕೆಂಡುಗಳ ಹೆಜ್ಜೆಗಳಲ್ಲಿ ಹಿಂದುಮುಂದು ಮಾಡಬಹುದು, ಮತ್ತು ಅದು ಒಂದೊಂದು ವಿಡಿಯೊಗೆ ಬೇರೆ ಬೇರೆಯಾಗಿ ನೆನಪಿನಲ್ಲಿರುತ್ತದೆ. ಸೌಂಡ್‌ಬಾರ್ ಜೋಡಿಸಿದ ಮೇಲೆ ನಮ್ಮಲ್ಲಿ ಇದು ಬೇಕಾಯಿತು. ಕುಳಿತು ಹೊಂದಿಸಿದವರು ಮಾವ, ನಾನು ಗುಂಡಿ ಒತ್ತಿದವನು ಮಾತ್ರ. 'ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ' ಎಂಬ ಇನ್ನೊಂದು ಆಯ್ಕೆ ವಿಡಿಯೊದ ಓಟವನ್ನು ಟಿವಿಯ ವೇಗಕ್ಕೆ ಸರಿಯಾಗಿ ತುಸು ಹೆಚ್ಚುಕಡಿಮೆ ಮಾಡಿ, ಧ್ವನಿಯನ್ನೂ ಅದಕ್ಕೆ ಹೊಂದಿಸುತ್ತದೆ. 23.976ನ್ನು 24 ಮಾಡುವುದರಲ್ಲಿ ವ್ಯತ್ಯಾಸ ಸಾವಿರಕ್ಕೆ ಒಂದು, ಯಾರ ಕಿವಿಗೂ ತಿಳಿಯದು. ಆದರೆ 24ನ್ನು 25ಕ್ಕೆ ಏರಿಸಿ ಮಾಡಿದ ಹಳೆಯ ಸಿನಿಮಾ ಡಿವಿಡಿಗಳಲ್ಲಿ ವೇಗ ನೂರಕ್ಕೆ ನಾಲ್ಕರಷ್ಟು ಹೆಚ್ಚಿ ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತಲೂ ಹೆಚ್ಚು ಏರಿರುತ್ತದೆ. ಒಂದು ಹಳೆಯ ಹಾಡು ಏಕೆ ಮೇಲಿನ ಶ್ರುತಿಯಲ್ಲಿದೆ ಎಂದು ಮಾವ ಕೇಳಿದ್ದರು, ಅದಕ್ಕೆ ಉತ್ತರ ಸಿಕ್ಕಿದ್ದು ಈ ಹುಡುಕಾಟದಲ್ಲಿಯೇ.

ಕೋಡಿಯ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಮುಖ್ಯವಾದ ಕೊರತೆಯೆಂದರೆ, ನಮ್ಮಂಥವರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆ ತಾನಾಗಿ ಆಫ್ ಆಗಿರುತ್ತದೆ, ಮತ್ತು ಅದರ ಅಗತ್ಯವನ್ನು ಸ್ಥಾಪನೆಯ ಹೊತ್ತಿನಲ್ಲಿ ಯಾವ ಪರದೆಯೂ ಕೇಳುವುದಿಲ್ಲ. ಸೆಟ್ಟಿಂಗ್ಸಿನ ಎಡ ಕೆಳಮೂಲೆಯಲ್ಲಿರುವ ಮಟ್ಟವನ್ನು ಎಕ್ಸ್‌ಪರ್ಟ್‌ಗೆ ಏರಿಸುವವರೆಗೆ ಹಲವು ಆಯ್ಕೆಗಳು ಕಣ್ಣಿಗೇ ಬೀಳುವುದಿಲ್ಲ. ಚಂದಾ ಕೊಟ್ಟು ನೋಡುವ ಸೇವೆಗಳಿಗೆ ಲಿಬ್ರೆಇಲೆಕ್ ತಕ್ಕದ್ದಲ್ಲ. ಅವುಗಳಿಗೆ ಟಿವಿಯಲ್ಲಿರುವ ಆ್ಯಪುಗಳನ್ನೇ ಬಳಸಿದರೆ ತಲೆನೋವಿಲ್ಲ. ಮೊಬೈಲಿನಲ್ಲಿ ತೆಗೆದ ವಿಡಿಯೊಗಳಲ್ಲಿ ಫ್ರೇಮ್ ವೇಗ ಬೆಳಕಿಗೆ ತಕ್ಕಂತೆ ಏರಿಳಿಯುವುದರಿಂದ ಟಿವಿಯನ್ನು ಯಾವ ವೇಗಕ್ಕೆ ನಿಲ್ಲಿಸಿದರೂ ಅಲ್ಲಲ್ಲಿ ಮುಗ್ಗರಿಸುತ್ತವೆ, ಇದಕ್ಕೆ ಕೋಡಿಯಲ್ಲಿ ಪರಿಹಾರ ಕಾಣಲಿಲ್ಲ. ಕ್ಯಾಮ್‌ಕಾರ್ಡರಿನ ಎಂಟಿಎಸ್ ಫೈಲುಗಳು ಕಾರ್ಡಿನ ಫ್ಯಾಟ್32 ಮಿತಿಯಿಂದಾಗಿ 4 ಜಿಬಿಯೊಳಗಿನ ತುಂಡುಗಳಾಗಿರುತ್ತವೆ; ಕೋಡಿ ಅವನ್ನು ಒಂದರ ಹಿಂದೆ ಒಂದರಂತೆ ಓಡಿಸಿದರೂ ಕೂಡುವ ಜಾಗದಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಅದು ಪದ್ಯದ ನಡುವೆಯೇ ಬಂದರೆ ಬೇಸರವಾಗುತ್ತದೆ. ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ಒಂದು ಆಟದ ಎಲ್ಲ ತುಂಡುಗಳನ್ನು, ಚಿತ್ರದ ಗುಣಮಟ್ಟ ಕೆಡದಂತೆ, ಒಂದೇ ಫೈಲಾಗಿ ಜೋಡಿಸಿಟ್ಟುಕೊಂಡಿದ್ದೇನೆ.

ಮನೆಯಲ್ಲಿ ಸ್ವಂತ ವಿಡಿಯೊ ಸಂಗ್ರಹ ಇಟ್ಟುಕೊಂಡಿರುವವರು, ಆಟವನ್ನೋ ಮದುವೆಯನ್ನೋ ಮಕ್ಕಳ ಅರಂಗೇಟ್ರವನ್ನೋ ದೊಡ್ಡ ಪರದೆಯಲ್ಲಿ ಸರಿಯಾಗಿ ನೋಡಬೇಕೆನ್ನುವವರು, ಹೊಸ ಯಂತ್ರಕ್ಕೆ ಹಣ ಸುರಿಯುವ ಮೊದಲು ಇರುವ ಕಂಪ್ಯೂಟರಿನಲ್ಲಿ ಲಿಬ್ರೆಇಲೆಕ್ಕನ್ನು ಹಾಕಿ, ಟಿವಿಯನ್ನು ವಿಡಿಯೊದ ವೇಗಕ್ಕೆ ಹೊಂದಿಸಿ, ಓ ಕೀಲಿ ಒತ್ತಿ ನೋಡಬೇಕೆಂದು ನನ್ನ ಕಳಕಳಿಯ ವಿನಂತಿ. ನನಗೆ ಯಂತ್ರ ಬದಲಿಸಬೇಕಾದದ್ದು ಒಂದೇ ಕಾರಣಕ್ಕೆ, ಉಳಿದ ಐದಾರು ತಡೆಗಳು ಹೊಂದಿಕೆಯಿಂದ, ಕೇಬಲಿನಿಂದ ಮತ್ತು ಬ್ರಷ್ಷಿನಿಂದ ಹೋದವು.

ನಮ್ಮ ಸಂಗ್ರಹದಲ್ಲಿ ಇನ್ನೂ ತಡೆತಡೆದು ಓಡುವ ಮೂರು ಆಟಗಳಿವೆ. ಅವುಗಳಲ್ಲಿ ಒಂದರಲ್ಲಿ ಮದ್ದಳೆಗೆ ಕುಳಿತಿರುವವರು ಮಾವನೇ. ಕ್ಯಾಸೆಟ್ಟಿನಿಂದ ಡಿವಿಡಿಗೆ ಇಳಿಸುವಾಗಲೇ ಫ್ರೇಮುಗಳು ಬಿಟ್ಟುಹೋಗಿವೆ. ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸಿ ನೋಡಿದಾಗ ಅದು ಸ್ಪಷ್ಟವಾಯಿತು, ಆದ್ದರಿಂದ ಯಾವ ಪ್ಲೇಯರೂ ಅದನ್ನು ಸರಿಪಡಿಸಲಾರದು. ಮೂಲ ವಿಎಚ್‌ಎಸ್ ಕ್ಯಾಸೆಟ್ಟುಗಳು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿವೆ. ಎರಡರ ಟೇಪು ಚೆನ್ನಾಗಿದೆ, ಮೂರನೆಯದಕ್ಕೆ ಅಂಚಿನಲ್ಲಿ ಬೂಸ್ಟು ಬಂದಿದೆ. ಕೆಲಸ ಮಾಡುವ ವಿಸಿಆರ್ ಒಂದನ್ನು ಹುಡುಕುತ್ತಿದ್ದೇನೆ. ಸಿಕ್ಕಿದರೆ ಮುಂದಿನ ಆಟಿಗೆ ಮಾವ ಬರುವ ಮೊದಲು ಈ ಮೂರನ್ನೂ ಹೊಸದಾಗಿ ಇಳಿಸಿಕೊಳ್ಳಬೇಕು.